ಆಯುಧಪೂಜೆಯ ಹಸಿರು ಬಣ್ಣ

ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ಜಿಗಣಿಯ ಒಂದು ಶೀಟ್ ಮೆಟಲ್ ಕಾರ್ಖಾನೆಯಲ್ಲಿ ನಾನು ಮೆಂಟೆನೆನ್ಸ್ ಇನ್‌ಚಾರ್ಜ್. ಸಿಂಗಸಂದ್ರದ ಮನೆಯಿಂದ ಅಲ್ಲಿಗೆ ತಲುಪುವಷ್ಟರಲ್ಲೇ ಅರ್ಧ ಜೀವ ಹೋಗಿರುತ್ತಿತ್ತು. ಮಂಡಿ ನೋವು, ಟ್ರಾಫಿಕ್, ದಿನಕ್ಕೊಂದು ಬ್ರೇಕ್‌ಡೌನ್. ಎಲ್ಲವೂ ಸಾಕಾಗಿಹೋಗಿದ್ದ ಕಾಲ ಅದು.

ಆಯುಧಪೂಜೆ ಕಳೆದು ಮೂರು ವಾರಕ್ಕೆ ನಮ್ಮ ನೂರು ಟನ್ನಿನ ಹೈಡ್ರಾಲಿಕ್ ಪ್ರೆಸ್ ಕೆಟ್ಟು ನಿಂತಿತು. ಇಂಥ ಪ್ರೆಸ್‌ನಲ್ಲಿ ಎಲೆಕ್ಟ್ರಿಕ್ ಮೋಟಾರ್ ಪಂಪನ್ನು ತಿರುಗಿಸುತ್ತದೆ. ಪಂಪ್ ಟ್ಯಾಂಕಿನಿಂದ ಎಣ್ಣೆ ಎಳೆದು ಒತ್ತಡದಲ್ಲಿ ಕಳಿಸುತ್ತದೆ. ಆ ಒತ್ತಡವೇ ತಗಡನ್ನು ಬಗ್ಗಿಸುವುದು. ಬಿಚ್ಚಿ ನೋಡಿದರೆ ಪಂಪಿನ ಒಳಭಾಗವೆಲ್ಲ ಇಲಿ ಕಡಿದಂತೆ ಸವೆದಿತ್ತು. ಎಣ್ಣೆ ಸಾಲದೆ ಓಡಿದ ಪಂಪಿನ ಲಕ್ಷಣ. ಟ್ಯಾಂಕಿನ ಗಾಜಿನಲ್ಲೂ ಎಣ್ಣೆ ಗುರುತಿಗಿಂತ ಕೆಳಗಿತ್ತು.

ಆಪರೇಟರ್ ಮುನಿಯಪ್ಪ ಪಕ್ಕದ ಹಳ್ಳಿಯವರು. ಹನ್ನೊಂದು ವರ್ಷದಿಂದ ಕಾಂಟ್ರಾಕ್ಟ್ ಮೇಲೆ ಅದೇ ಪ್ರೆಸ್ ಮುಂದೆ ನಿಂತವರು.

"ಎಣ್ಣೆ ಸರಿಯಾಗೇ ಇತ್ತು ಸಾರ್. ಪಂಪ್ ಒಡ್ದ ಮ್ಯಾಲೆ ಸೋರೋಗಿದ್ದು. ಪೂಜೆ ಆದಾಗಿಂದ್ಲೂ ಇದು ಓಡೋವಾಗೆಲ್ಲ ಕೂಗ್ತಿತ್ತು" ಎಂದರು.

"ಪೂಜೆಗೂ ಪಂಪಿಗೂ ಏನ್ರೀ ಸಂಬಂಧ? ದೃಷ್ಟಿ ಆಗಿದ್ಯಾ?" ಎಂದು ನಕ್ಕುಬಿಟ್ಟೆ. ಮನೆಗೆ ಹೋಗುವ ಆತುರದಲ್ಲಿ ರಿಪೋರ್ಟ್ ಬರೆದೆ: ಎಣ್ಣೆ ಕಡಿಮೆಯಿದ್ದಾಗ ಓಡಿಸಿದ್ದಾರೆ, ಆಪರೇಟರ್ ನಿರ್ಲಕ್ಷ್ಯ. ಮರುದಿನವೇ ಮುನಿಯಪ್ಪನವರನ್ನು ಗುಜರಿ ಎತ್ತುವ ಕೆಲಸಕ್ಕೆ ಹಾಕಿದರು. ತಿಂಗಳ ಕೊನೆಗೆ ಅವರ ಕಾಂಟ್ರಾಕ್ಟ್ ಮುಗಿಸುವುದೆಂದೂ ತೀರ್ಮಾನವಾಯಿತು.

ಹೊಸ ಪಂಪ್ ಬಂತು. ಮೋಟಾರಿನ ಶಾಫ್ಟಿಗೆ ನೇರವಾಗಿ ಹೊಂದಿಸಿ ಕೂರಿಸಲು ಇಡೀ ದಿನ ಹಿಡಿಯಿತು. ಎಣ್ಣೆ ತುಂಬಿಸುತ್ತಾ, ಟ್ಯಾಂಕಿನ ಮುಚ್ಚಳ ತೆಗೆದಿಟ್ಟೇ ಓಡಿಸಿ ನೋಡಿದೆವು. ಯಾವ ಕಿರಿಕಿರಿಯೂ ಇಲ್ಲ. ಮುಚ್ಚಳ ಹಾಕಿ ಒಪ್ಪಿಸಿದೆ. ನಾಲ್ಕನೇ ದಿನ ಅದೂ ಕಿರುಚತೊಡಗಿತು. ಎಣ್ಣೆ ಗುರುತಿನಷ್ಟೇ ಇತ್ತು. ಪೈಪಿನ ಜೋಡಣೆಗಳನ್ನೆಲ್ಲ ಮತ್ತೆ ನೋಡಿದೆ, ಎಲ್ಲೂ ದೋಷ ಸಿಗಲಿಲ್ಲ.

ಕೊನೆಗೆ ಎಣ್ಣೆಯಲ್ಲಿ ನೊರೆ ಬಂದಿದೆಯೇ ನೋಡೋಣವೆಂದು ಮುಚ್ಚಳ ತಿರುಗಿಸಿದೆ. ಟ್ಯಾಂಕ್ ಸುಯ್ಯೆಂದು ಗಾಳಿ ಒಳಗೆಳೆದುಕೊಂಡಿತು, ಕಿರುಚಾಟ ನಿಂತಿತು. ಆ ಮುಚ್ಚಳವೇ ಬ್ರೀದರ್. ಎಣ್ಣೆಯ ಮಟ್ಟ ಇಳಿದಾಗ ಅದರ ಸಣ್ಣ ತೂತುಗಳಿಂದ ಗಾಳಿ ಒಳಗೆ ಹೋಗಬೇಕು, ಇಲ್ಲದಿದ್ದರೆ ಪಂಪಿಗೆ ಎಣ್ಣೆ ಎಳೆಯಲಾಗದು. ತೂತುಗಳಲ್ಲೆಲ್ಲ ಹಸಿರು ಬಣ್ಣ ಒಣಗಿ ಕೂತಿತ್ತು.

ಬಳಿದವನು ನಾನೇ. ಪ್ರತಿ ಆಯುಧಪೂಜೆಗೂ ಆ ಟ್ಯಾಂಕಿಗೆ ಬಣ್ಣ ಹೊಡೆಯುವುದನ್ನು ಬೇರೆಯವರಿಗೆ ಬಿಡುತ್ತಿರಲಿಲ್ಲ. ಪ್ರತಿ ಸಲ ಬ್ರೀದರ್‌ಗೆ ಮೊದಲು ಕಾಗದ ಸುತ್ತುತ್ತಿದ್ದೆ. ಆ ವರ್ಷ ಮಂಡಿ ನೋವಿಗೆ ಬೇಸತ್ತು ಹಾಗೇ ಬಳಿದಿದ್ದೆ.

ಮ್ಯಾನೇಜರ್ ಬಳಿ ಹೋಗಿ ಹೇಳಿದೆ. "ರಿಪೋರ್ಟ್ ಬದಲಾಯಿಸಿದ್ರೆ ತಪ್ಪು ನಿಮ್ ತಲೆಗೆ ಬರುತ್ತೆ ಕಣ್ರೀ. ರಿಟೈರ್‌ಮೆಂಟ್ ಹತ್ರ ಇದೆಲ್ಲಾ ಬೇಕಾ?" ಎಂದರು.

"ತಪ್ಪು ನಂದೇ ಸಾರ್" ಎಂದು ಹೊಸ ರಿಪೋರ್ಟಿಗೆ ಸಹಿ ಹಾಕಿದೆ. ನನಗೆ ಮೆಮೊ ಸಿಕ್ಕಿತು, ಮುನಿಯಪ್ಪನವರಿಗೆ ಪ್ರೆಸ್ ಸಿಕ್ಕಿತು. ಅವರ ಮುಂದೆ ನಿಂತು ಕ್ಷಮೆ ಕೇಳಲು ಮಾತ್ರ ನನಗೆ ಬಾಯಿ ಬರಲಿಲ್ಲ.

ಯಂತ್ರದ ಮುಂದೆ ದಿನವಿಡೀ ನಿಲ್ಲುವವರು ಇಂಥ ದಿನದಿಂದ ಹೀಗಾಗಿದೆ ಎಂದರೆ, ಸ್ಪ್ಯಾನರ್ ಕೆಳಗಿಟ್ಟು ಕೇಳಿಸಿಕೊಳ್ಳಬೇಕು. ಇಷ್ಟು ಕಲಿಯಲು ನನಗೆ ಮೂವತ್ತು ವರ್ಷ ಹಿಡಿಯಿತು.

ಮುಂದಿನ ಆಯುಧಪೂಜೆಗೆ ಬಣ್ಣದ ಡಬ್ಬ ಹಿಡಿದು ಹೋದೆ. ಮುನಿಯಪ್ಪ ಆಗಲೇ ಟ್ಯಾಂಕಿನ ಬಾಯಿಗೆ ಬಟ್ಟೆ ಕಟ್ಟಿದ್ದರು. ಜೇಬಿನಿಂದ ಬ್ರೀದರ್ ತೆಗೆದು ತೋರಿಸಿ, ಮತ್ತೆ ಜೇಬಿಗಿಟ್ಟುಕೊಂಡು, "ಈಗ ಬಳೀರಿ ಸಾರ್" ಎಂದರು.