ಭೋಂಗಾ ಊದಿದ ಮಧ್ಯಾಹ್ನ

ನಮ್ಮ ಹೊಳೆಆಲೂರನ್ನು ಹಿರಿಯರು ದಿಬ್ಬದ ಮೇಲೆ ಕಟ್ಟಿದ್ದು ಗಾಳಿಯ ಆಸೆಗಲ್ಲ, ಮಲಪ್ರಭೆಯ ಹೆದರಿಕೆಗೆ. ನಮ್ಮ ತಲೆಯ ಮೇಲೆ ಬಿಸಿಲು ಸುಡುತ್ತಿರುವಾಗಲೇ ದೂರದ ಖಾನಾಪುರದ ಕಾಡಿನಲ್ಲಿ ಮಳೆ ಹೊಡೆದು ಇಲ್ಲಿ ಹೊಳೆ ಏರುತ್ತಿತ್ತು. ಮುಂದೆ ರೈಲು ಬಂತು. ರೈಲಿನವರೂ ಜಾಣರು, ಹಳಿಯನ್ನು ಎತ್ತರದ ಏರಿಯ ಮೇಲೆ ಹಾಕಿದರು. ರೋಣ, ಅಬ್ಬಿಗೇರಿ, ನರಗುಂದದ ಎರೆಹೊಲಗಳ ಹತ್ತಿ, ಶೇಂಗಾ ಎಲ್ಲ ಗಾಡಿಗಟ್ಟಲೆ ನಮ್ಮ ಸ್ಟೇಶನ್ನಿಗೆ ಬರತೊಡಗಿದ ಮೇಲೆ ಗಿರಣಿಯೂ ಎದ್ದಿತು. ಕಟ್ಟಿಸಿದ ಸಾಹುಕಾರರು ಹೊರಗಿನವರು. ಬಾಯ್ಲರಿಗೆ ನೀರು ಹತ್ತಿರ, ಜಾಗ ಅಗ್ಗ ಎಂದು ಊರಿಗೂ ಸ್ಟೇಶನ್ನಿಗೂ ನಡುವಿನ ತಗ್ಗನ್ನೇ ಹಿಡಿದರು. ‘ಅದು ಹೊಳಿ ಜಾಗಾ ಐತಿ’ ಎಂದ ಮುದುಕರನ್ನು ನೋಡಿ ನಕ್ಕವರಲ್ಲಿ ನಾನೂ ಒಬ್ಬ. ಆ ಗಿರಣಿಯ ಇಂಜಿನ್ ನನ್ನ ಕೈಯಲ್ಲಿತ್ತು. ಸೊಕ್ಕಿಗೇನು ಕಡಿಮೆ ಇರಲಿಲ್ಲ.

ಐವತ್ತರ ದಶಕದ ಆ ವರ್ಷ ನನ್ನ ಮದುವೆಯಾಗಿ ಎಂಟು ತಿಂಗಳಾಗಿತ್ತು. ದಸರೆ ಮುಗಿದೊಡನೆ ಶೇಂಗಾ ಹಂಗಾಮು ಶುರುವಾಗುತ್ತದೆ. ಮೊದಲ ದಿನ ಗಿರಣಿಯ ಭೋಂಗಾ, ಆ ಉಗಿಯ ಸಿಳ್ಳೆ, ಕೂಗಿದಾಗ ಯಾರು ಮೊದಲು ಗೇಟಿನೊಳಗೆ ಕಾಲಿಡುತ್ತಾರೋ ಆ ಹೆಂಗಸರಿಗೆ ಹಂಗಾಮು ಪೂರ್ತಿ ಕೆಲಸ. ಭೋಂಗಾ ನಿಂತಿತೆಂದರೆ ಗೇಟು ಮುಚ್ಚಿದಂತೆ. ನನ್ನ ಹೆಂಡತಿಗೂ ಆ ಕೆಲಸ ಬೇಕಾಗಿತ್ತು. ‘ನನ್ನ ಹೆಸರಿನ ಮ್ಯಾಲೆ ಒಳಗ ಬರಬ್ಯಾಡ, ಮಂದಿ ಹಂಗ ಓಡಿ ಬಾ’ ಎಂದು ನಾನೇ ದೊಡ್ಡ ಮನುಷ್ಯನ ಹಾಗೆ ಹೇಳಿದ್ದೆ.

ಬನ್ನಿ ಮುಡಿದ ಮರುದಿನ ಬಾಯ್ಲರ್ ಹಚ್ಚಿ ಪರೀಕ್ಷೆ ಮಾಡುತ್ತಿದ್ದೆ. ಮಧ್ಯಾಹ್ನ ಹೊರಗೆ ಬಂದು ನೋಡಿದರೆ ಹೊಳೆ ಕೆಂಪಾಗಿ ಮೇಲಿನ ಕಡೆಯಿಂದ ಏರಿ ಬರುತ್ತಿದೆ. ಕೆಳಗೆ ಬಟ್ಟೆ ಒಗೆಯುವವರು, ದನ ಮೇಯಿಸುವವರು ಬೆನ್ನು ತಿರುಗಿಸಿಕೊಂಡು ಆರಾಮವಾಗಿದ್ದರು. ಕೂಗಿದರೆ ಕೇಳುವ ದೂರವಲ್ಲ. ಓಡಿ ಹೋಗಿ ಭೋಂಗಾದ ಸರಪಳಿ ಜಗ್ಗಿದೆ. ಅವರೆಲ್ಲ ತಿರುಗಿ ನೋಡಿ ದಂಡೆ ಹತ್ತಿದರು. ಭಾಳ ಶಾಣ್ಯಾ ಕೆಲಸ ಮಾಡಿದೆ ಅಂದುಕೊಂಡೆ.

ಅಷ್ಟರಲ್ಲಿ ದಿಬ್ಬದ ಮೇಲಿಂದ ಹೆಂಗಸರು ಇಳಿಯುವುದು ಕಂಡಿತು. ಸೆರಗು ಬಿಗಿದು, ಬುತ್ತಿ ಹಿಡಿದು, ಒಬ್ಬರನ್ನೊಬ್ಬರು ಹಿಂದೆ ಹಾಕುತ್ತ ಗಿರಣಿಯ ಕಡೆಗೇ ಓಡಿ ಬರುತ್ತಿದ್ದರು. ಅವರ ಪಾಲಿಗೆ ಅದು ಹಂಗಾಮಿನ ಮೊದಲ ಭೋಂಗಾ. ನಡುವೆ ಹಳ್ಳವಿತ್ತು, ಹೊಳೆಯ ನೀರು ಅದರೊಳಗೆ ಹಿಮ್ಮುಖವಾಗಿ ನುಗ್ಗುತ್ತಿತ್ತು.

ಗಾಬರಿಯಲ್ಲಿ ಸರಪಳಿ ಬಿಟ್ಟೆ. ಭೋಂಗಾ ನಿಂತಿತು. ಇನ್ನೇನು ಗೇಟು ಹಾಕುತ್ತಾರೆಂದು ಅವರು ಇನ್ನೂ ಜೋರಾಗಿ ಓಡಿದರು! ಮತ್ತೆ ಜಗ್ಗಿದರೆ ಬಾ ಎಂದ ಹಾಗೆ, ಬಿಟ್ಟರೆ ಲಗೂ ಬಾ ಎಂದ ಹಾಗೆ. ಮೂಲೆಯಲ್ಲಿ ಸುತ್ತಿಟ್ಟಿದ್ದ ಇಂಜಿನ್ನಿನ ಹಳೆಯ ಚರ್ಮದ ಪಟ್ಟಾ ಹೆಗಲಿಗೇರಿಸಿಕೊಂಡು ಹಳ್ಳಕ್ಕೆ ಓಡಿದೆ.

‘ಬರಬ್ಯಾಡ್ರೀ! ಹೊಳಿ ಬಂದೈತಿ! ಹಿಂದಕ ಹೋಗ್ರಿ!’

ಉಳಿದವರು ಆಚೆ ದಂಡೆಯಲ್ಲೇ ಗಕ್ಕನೆ ನಿಂತರು. ಎಲ್ಲರಿಗಿಂತ ಮುಂದಿದ್ದವಳು ಮಾತ್ರ ಆಗಲೇ ನೀರಿಗೆ ಇಳಿದಿದ್ದಳು. ಅವಳು ನನ್ನ ಹೆಂಡತಿ. ನೀರು ಸೊಂಟಕ್ಕೆ ಬಂತು, ನೋಡುತ್ತಿದ್ದಂತೆ ಎದೆಗೆ ಬಂತು. ಪಟ್ಟಾದ ತುದಿ ಎಸೆದೆ, ಸಿಗಲಿಲ್ಲ. ಎಳೆದುಕೊಂಡು ಮತ್ತೆ ಎಸೆಯುವುದರೊಳಗೆ ಅವಳ ಕಾಲು ನೆಲ ಬಿಟ್ಟಿತ್ತು, ತಲೆ ಒಮ್ಮೆ ಮುಳುಗಿತು. ಮನೆದೇವರಿಗೆ ಆ ಹೊತ್ತಿನಲ್ಲಿ ಏನೇನು ಹರಕೆ ಹೊತ್ತೆನೋ. ಮೂರನೆಯ ಸಲ ಅವಳ ಕೈಗೆ ಪಟ್ಟಾ ಸಿಕ್ಕಿತು. ಮೊಣಕಾಲೂರಿ ಎಳೆದೆ, ಅಂಗೈ ಸುಲಿದು ರಕ್ತ ಬಂತು.

ಅವಳನ್ನು ಎತ್ತಿಕೊಂಡು ರೈಲಿನ ಏರಿ ಹತ್ತಿದೆ. ನಮ್ಮ ಹಿಂದೆಯೇ ನೀರು ಬಾಯ್ಲರಿನ ಮನೆ ಹೊಕ್ಕಿತು. ಅದನ್ನು ನೋಡುವ ಮನಸ್ಸೂ ನನಗಿರಲಿಲ್ಲ. ಅವಳು ಕೆಮ್ಮಿ ನೀರು ಕಾರಿದಳು. ಜೀವ ಉಳಿದದ್ದು ಖಾತ್ರಿಯಾದೊಡನೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು.

‘ಕಣ್ಣ ಕಾಣತಾವೋ ಇಲ್ಲೋ ನಿನಗ? ಅಷ್ಟ ನೀರ ಕಂಡೂ ಯಾಕ ಇಳದಿ?’

ಅವಳು ಹಣೆಗೆ ಅಂಟಿದ ಕೂದಲು ಸರಿಸಿಕೊಂಡು ನನ್ನ ಮುಖ ನೋಡಿದಳು.

‘ನೀರ ಕಂಡಿತ್ರಿ. ಅಂಜಿಕಿನೂ ಬಂತು. ಭೋಂಗಾ ಊದಾವ್ರು ನೀವ ಅಲ್ರಿ? ಮುಣಗೂವಷ್ಟ ನೀರ ಇದ್ರ ನೀವು ಕರೀತಿದ್ದಿಲ್ಲ ಅಂತ ಇಳದೆ.’

ಅವಳ ಒದ್ದೆ ಕಾಲುಗಳನ್ನು ಮಡಿಲಲ್ಲಿಟ್ಟುಕೊಂಡು, ಆಚೆ ದಂಡೆಯಲ್ಲಿ ಅಷ್ಟು ಮಂದಿ ನೋಡುತ್ತಿದ್ದರೂ ನಾಚದೆ ಅತ್ತೆ.