ಕಾಫಿ ಮಷೀನಿನ ಬಳಿ ಆಡಿದ ಮಾತು

ಆಫೀಸಿನಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು. ಆಸ್ಪತ್ರೆ ಯಂತ್ರಗಳ ಸಾಫ್ಟ್‌ವೇರ್ ಪರೀಕ್ಷಿಸುವುದು ಹತ್ತೊಂಬತ್ತು ವರ್ಷಗಳಿಂದ ಅವಳ ಕೆಲಸ. ಯಾರೂ ಕೊಡದೆ ತಾನಾಗಿ ಅಂಟಿಕೊಂಡ ಇನ್ನೊಂದು ಕೆಲಸವೂ ಇತ್ತು. “ಇದು ತಪ್ಪು ಅನ್ಸತ್ತೆ ಅಕ್ಕ, ಆದ್ರೂ ಮಾಡು ಅಂತಾರೆ” ಎಂದು ಮುಖ ಸಣ್ಣದು ಮಾಡಿಕೊಂಡು ಬಂದವರ ಮಾತು ಕೇಳುವುದು. ಎಲ್ಲರಿಗೂ ಅವಳದು ಒಂದೇ ಮಂತ್ರ: “ಬಾಯಲ್ಲಿ ಹೇಳ್ಬೇಡಿ, ಬರೆದು ಕಳಿಸಿ.” ಮೇಲಿನವರಿಗೆ ಅವಳೆಂದರೆ ತಲೆನೋವು, ಕೆಳಗಿನವರಿಗೆ ಜೀವ.

ಅಂಥವಳು ಗುಬ್ಬಿಗೆ ಮಾತ್ರ ಬಾಯಲ್ಲೇ ಹೇಳಿಬಿಟ್ಟಳು.

ಗುಬ್ಬಿ ಎಂದರೆ ಕೆಲಸಕ್ಕೆ ಸೇರಿ ವರ್ಷವೂ ತುಂಬಿರದ ಹುಡುಗಿ. ದನಿ ಸಣ್ಣದು, ಅದಕ್ಕೇ ಆ ಹೆಸರು. ರೋಗಿಯ ಉಸಿರು ತಪ್ಪಿದರೆ ಕೂಗಬೇಕಾದ ಅಲಾರಂ ಕೆಲವೊಮ್ಮೆ ನಲವತ್ತು ಸೆಕೆಂಡ್ ತಡವಾಗಿ ಕೂಗುತ್ತದೆಂದು ಕಂಡುಹಿಡಿದವಳೇ ಅವಳು. ಮರುದಿನ ಯಂತ್ರಗಳು ಆಸ್ಪತ್ರೆಗಳಿಗೆ ಸಾಗಬೇಕಿತ್ತು. ‘ಎಲ್ಲ ಸರಿಯಿದೆ’ ಎಂಬ ಕಾಗದಕ್ಕೆ ಸಹಿ ಬೇಕೆಂದು ಮ್ಯಾನೇಜರ್ ತಲೆಯ ಮೇಲೆ ಕೂತಿದ್ದ. ಕಾಫಿ ಮಷೀನಿನ ಬಳಿ ದೊಡ್ಡಕ್ಕನನ್ನು ತಡೆದು ಕೇಳಿದಳು, “ಅಕ್ಕ, ಸಹಿ ಹಾಕ್ಲಾ?”

ದೊಡ್ಡಕ್ಕನಿಗೆ ಆ ದಿನ ಬೆಳಗಿನಿಂದ ಮೂರು ಜಗಳವಾಗಿ ಸಾಕುಸಾಕಾಗಿತ್ತು. “ಹಾಕಮ್ಮ. ಮುಂದಿನ ತಿಂಗಳು ಸರಿಮಾಡ್ತಾರೆ. ಕೆಲಸ ಉಳಿಸ್ಕೋ,” ಎಂದು ಲೋಟ ಹಿಡಿದು ನಡೆದೇಬಿಟ್ಟಳು.

ಮೂರು ವಾರದ ಮೇಲೆ ಒಂದು ವಾರ್ಡಿನಲ್ಲಿ ಅಲಾರಂ ತಡವಾಯಿತು. ಮುದುಕರೊಬ್ಬರು ಬದುಕಿಕೊಂಡರು, ಮಾತು ಮಾತ್ರ ಮರಳಲಿಲ್ಲ. ವಿಚಾರಣೆಗೆ ಕಾಗದ ತೆಗೆದರೆ ಅಲ್ಲಿದ್ದದ್ದು ಗುಬ್ಬಿಯ ಸಹಿಯೊಂದೇ. ಮ್ಯಾನೇಜರ್ ಮಹಾಶಯ ಒತ್ತಾಯವನ್ನೆಲ್ಲ ಬಾಯಲ್ಲೇ ಮುಗಿಸಿದ್ದ. ಅಂಥವರು ಬರೆಯುವುದು ಅಭಿನಂದನೆ ಮಾತ್ರ. ದೊಡ್ಡಕ್ಕನ ಮಾತೂ ಎಲ್ಲೂ ಇರಲಿಲ್ಲ.

ವಿಚಾರಣೆಯವರು ಎರಡು ಸಲ ಕರೆದು ಕೇಳಿದರೂ ಗುಬ್ಬಿ ದೊಡ್ಡಕ್ಕನ ಹೆಸರೆತ್ತಲಿಲ್ಲ. ಆ ರಾತ್ರಿ ದೊಡ್ಡಕ್ಕ ಮನೆಯಲ್ಲಿ ಎಲ್ಲ ಹೇಳಿಕೊಂಡಳು.

“ಅವಳೇ ಸುಮ್ನಿದಾಳೆ, ನೀನ್ಯಾಕೆ ಮೈಮೇಲೆ ಎಳ್ಕೊಳ್ತೀಯ?” ಎಂದ ಗಂಡ.

ಆ ಮಾತು ಕೇಳಿ ಹಾಯೆನಿಸಿತು. ಹಾಯೆನಿಸಿತಲ್ಲ ಎಂದು ತನ್ನ ಮೇಲೇ ಹೇಸಿಗೆಯಾಯಿತು.

ಕೊನೆಯ ವಿಚಾರಣೆಯ ಬೆಳಗ್ಗೆ ಗುಬ್ಬಿ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ದೊಡ್ಡಕ್ಕ ಪಕ್ಕದಲ್ಲಿ ಕೂತು ಕೇಳಿದಳು, “ನನ್ನ ಹೆಸರು ಯಾಕೆ ಹೇಳ್ಲಿಲ್ಲ?”

“ನನ್ನ ಕೆಲಸ ಹೇಗೂ ಹೋಗತ್ತೆ ಅಕ್ಕ. ನಿಮ್ಮದೂ ಹೋದ್ರೆ ನಾಳೆ ನನ್ನಂಥೋರು ಯಾರ ಹತ್ರ ಹೋಗ್ಬೇಕು?”

ಕಪಾಳಕ್ಕೆ ಬಾರಿಸಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ದೊಡ್ಡಕ್ಕ ಚೀಲದಿಂದ ಒಂದು ಹಾಳೆ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ತಾರೀಖು ಬರೆದಳು, ಹೊತ್ತು ಬರೆದಳು, ಹುಡುಗಿ ಕೇಳಿದ ಪ್ರಶ್ನೆ ಬರೆದಳು. ಇದರಿಂದ ಮುದುಕರ ಮಾತು ಮರಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ತನ್ನ ಉತ್ತರದ ಬಳಿ ಬಂದಾಗ ಪೆನ್ನು ನಿಂತಿತು.

“ಬೇಡ ಅಕ್ಕ,” ಎಂದಳು ಗುಬ್ಬಿ.

‘ಹಾಕಮ್ಮ’ ಎಂದು ಬರೆದು, ಕೆಳಗೆ ಸಹಿ ಹಾಕಿ, ದೊಡ್ಡಕ್ಕ ಎದ್ದು ಬಾಗಿಲು ತಟ್ಟಿದಳು.