ಸಿಲಿಂಡರ್ ಜೊತೆ ಕೇಳಿದ ಐವತ್ತು ರೂಪಾಯಿ

ಕೊರೊನಾ ಹಾವಳಿ ತಗ್ಗಿದ ಮರುವರ್ಷ ನಾನು ಭಾಲ್ಕಿಯ ಒಂದು ಅಡುಗೆ ಅನಿಲ ಏಜೆನ್ಸಿಯಲ್ಲಿ ಮ್ಯಾನೇಜರ್ ಆಗಿದ್ದೆ. ಬೀದರ್‌ನ ಮನೆಯಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಸಿಲಿಂಡರ್ ಹಂಚುವ ನಾಲ್ವರಲ್ಲಿ ಮಾರುತಿ ಹಿರಿಯ. ಔರಾದ್ ಕಡೆಯವನು, ವಯಸ್ಸು ಐವತ್ತರ ಹತ್ತಿರ. ನಾನೇ ಅವನನ್ನು ಕೆಲಸಕ್ಕೆ ಸೇರಿಸಿಕೊಂಡಿದ್ದೆ; ಆ ಹನ್ನೊಂದು ವರ್ಷದಲ್ಲಿ ಅವನ ಮೇಲೆ ಒಂದು ದೂರೂ ಬಂದಿರಲಿಲ್ಲ.

ತುಂಬಿದ ಸಿಲಿಂಡರ್ ಸುಮಾರು ಮೂವತ್ತು ಕಿಲೋ ತೂಗುತ್ತದೆ. ಅದನ್ನು ಮನೆಯೊಳಗೆ ಇಟ್ಟು ಬರುವ ಖರ್ಚು ಬಿಲ್ಲಿನಲ್ಲೇ ಸೇರಿರುತ್ತದೆ. ಮೇಲೆ ಒಂದು ರೂಪಾಯಿಯನ್ನೂ ಕೇಳುವಂತಿಲ್ಲ. ಹಿಂದೆ ಕೇಳುವ ಪ್ರಸಂಗವೇ ಬರುತ್ತಿರಲಿಲ್ಲ. ಜನ ನೋಟು ಕೊಟ್ಟು, ಉಳಿದ ಚಿಲ್ಲರೆಯನ್ನು ಚಹಾಕ್ಕೆಂದು ಬಿಡುತ್ತಿದ್ದರು. ಹಣವನ್ನು ಫೋನಿನಲ್ಲೇ ಮುಂಚಿತವಾಗಿ ಕಟ್ಟುವುದು ಶುರುವಾದ ಮೇಲೆ, ಸಿಲಿಂಡರ್ ತಲುಪಿತೆಂದು ತೋರಿಸುವ ಓಟಿಪಿ ಸಂಖ್ಯೆ ಹೇಳಿದರೆ ಗ್ರಾಹಕರ ಕೆಲಸ ಮುಗಿಯಿತು. ಚಿಲ್ಲರೆ ನಿಂತುಹೋಯಿತು. ಅದು ನನ್ನ ಗಮನಕ್ಕೂ ಬರಲಿಲ್ಲ.

ಒಂದು ಸೋಮವಾರ ಸುನಂದಾ ಎಂಬ ಶಿಕ್ಷಕಿ ಆಫೀಸಿಗೆ ಬಂದರು. ಕೂರಲಿಲ್ಲ. ಮೊಬೈಲನ್ನು ನನ್ನ ಮೇಜಿನ ಮೇಲಿಟ್ಟು ವಿಡಿಯೊ ತೋರಿಸಿದರು. ಅವರ ಮನೆ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಕೆಳಗೆ ನಿಂತ ಮಾರುತಿ, "ಮ್ಯಾಲ ತರಬೇಕಂದ್ರ ಐವತ್ತು ಕೊಡ್ರಿ" ಎನ್ನುತ್ತಿದ್ದ. ಅವರು ಒಪ್ಪಲಿಲ್ಲ. ಅವನು ಸಿಲಿಂಡರನ್ನು ಮೆಟ್ಟಿಲ ಬುಡದಲ್ಲಿ ಬಿಟ್ಟು ಹೋದ. ಅವರು ಶಾಲೆಗೆ ಹೋದಾಗ ಮಾವನವರು ತಾವೇ ಹೊತ್ತು ತರಲು ಹೋಗಿ, ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು.

ಮಧ್ಯಾಹ್ನದ ಹೊತ್ತಿಗೆ ಆ ವಿಡಿಯೊ ಊರಿನ ವಾಟ್ಸಾಪ್ ಗುಂಪುಗಳಲ್ಲೆಲ್ಲ ಓಡಾಡಿತು. ಅನಿಲ ಕಂಪನಿಯ ಅಧಿಕಾರಿ ಫೋನ್ ಮಾಡಿ, ಎರಡು ದಿನದಲ್ಲಿ ಅವನನ್ನು ತೆಗೆದು ಲಿಖಿತ ವಿವರಣೆ ಕಳಿಸಿ ಎಂದರು. ನಾನು ಮಾರುತಿಯನ್ನು ಕರೆಸಿದೆ. ಸುಳ್ಳು ಹೇಳುತ್ತಾನೆ, ಬೈದು ಕಳಿಸಿದರಾಯಿತು ಎಂದುಕೊಂಡಿದ್ದೆ.

"ಕೇಳಿದ್ದು ಖರೇ ಸರ್" ಎಂದ. "ನೌಕರಿಗಿ ಬಂದ ದಿನ ಪಗಾರ ಕಮ್ಮಿ ಆಯ್ತು ಅಂದಿದ್ದೆ. ಮನಿ ಮನಿಗಿ ಖುಷಿಲಿಂದ ಕೊಡ್ತಾರ, ಅದೂ ಪಗಾರದಾಗೇ ಹಿಡಿ ಅಂತ ನೀವೇ ಹೇಳಿದ್ರಿ. ಈಗ ಯಾರೂ ಕೊಡವಲ್ರು. ಪಗಾರ ಅಷ್ಟೇ ಅದ" ಎಂದ.

ಹೇಳಿದ್ದೆ. ಅವನಿಗಷ್ಟೇ ಅಲ್ಲ, ನಾಲ್ವರಿಗೂ ಹೇಳಿದ್ದೆ.

ಆ ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗಲಿಲ್ಲ. ಮರುದಿನ ಯಾರಿಗೂ ಕಾರಣ ಹೇಳದೆ ಮಾರುತಿಯ ಗಾಡಿ ಹತ್ತಿ ಭಾತಂಬ್ರಾ ಹಳ್ಳಿಯ ಕಡೆ ಹೋದೆ. ಎಲ್ಲ ಮನೆಗಳಲ್ಲೂ ನಡೆದದ್ದು ಒಂದೇ. ಅವನು ಸಿಲಿಂಡರ್ ಒಳಗಿಡುತ್ತಿದ್ದ, ಅವರು ಓಟಿಪಿ ಹೇಳುತ್ತಿದ್ದರು. ಆಮೇಲೆ ಅವನು ಖಾಲಿ ಸಿಲಿಂಡರ್ ಹಿಡಿದು ಒಂದು ಗಳಿಗೆ ಹೆಚ್ಚು ನಿಲ್ಲುತ್ತಿದ್ದ. ಕೆಲವರಿಗೆ ಅದು ತಿಳಿಯುತ್ತಿರಲಿಲ್ಲ. ತಿಳಿದವರು ಮುಖ ತಿರುಗಿಸುತ್ತಿದ್ದರು. ಏಳೆಂಟು ಮನೆಯಾದ ಮೇಲೆ ನಾನು ಗಾಡಿಯಿಂದ ಇಳಿಯಲೇ ಇಲ್ಲ.

ಊರಿಗೆ ಮರಳಿದ ಮೇಲೆ ಇಬ್ಬರೂ ಸುನಂದಾ ಅವರ ಮನೆಗೆ ಹೋದೆವು. ಮಾವನವರು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಂಚದ ಮೇಲಿದ್ದರು. ಮಾರುತಿ ಬಾಗಿಲಲ್ಲೇ ನಿಂತು, "ತಪ್ಪಾಯ್ತ್ರಿ ಅಜ್ಜಾರ. ಸಿಟ್ಟಿನಾಗ ಬಿಟ್ಟು ಹೋದೆ. ನೀವು ಎತ್ತಲಿಕ್ಕಿ ಹೋಗ್ತೀರಿ ಅಂತ ಅಂದುಕೊಂಡಿದ್ದಿಲ್ಲ" ಎಂದ.

ಅಜ್ಜನವರು, "ಹಿಂದ ನಾವೇ ಕರದು ಕೊಡ್ತಿದ್ವಿ" ಎಂದು ಶುರು ಮಾಡಿದರು. ಸೊಸೆ ತಡೆದರು.

"ಹಾಂಗಲ್ಲ ಮಾಮಾ. ನಾ ಪಾಠ ಹೇಳಿದ್ದಕ್ಕ ಮಕ್ಕಳ ಕಡಿ ಮ್ಯಾಲಿನ ರೊಕ್ಕ ಕೇಳ್ತೇನೇನು?" ಎಂದವರು ನನ್ನ ಕಡೆ ತಿರುಗಿದರು. "ನೀವು ಕೊಡಬೇಕಾದ ಪಗಾರ ನಮ್ಮ ಬಾಗಿಲಿಗಿ ಯಾಕ ಕಳಸ್ತೀರಿ ಸರ್?"

ನಾನು ಮಾರುತಿಯ ಮಾತನ್ನು ಅವರಿಗೆ ಹೇಳಿರಲಿಲ್ಲ. ಅವರೇ ಊಹಿಸಿದ್ದರು.

ವಿವರಣೆಯನ್ನು ಮೂರು ಸಲ ಬರೆದು ಹರಿದೆ. ಕೊನೆಗೆ, ಹಣ ಕೇಳಿದ್ದೂ ಸಿಲಿಂಡರ್ ಬಿಟ್ಟು ಹೋದದ್ದೂ ಅವನ ತಪ್ಪು, ಗ್ರಾಹಕರು ಖುಷಿಯಿಂದ ಕೊಡುವ ಇನಾಮನ್ನು ಸಂಬಳದ ಭಾಗವೆಂದು ಹೇಳಿ ಕೆಲಸಕ್ಕೆ ಸೇರಿಸಿಕೊಂಡದ್ದು ನನ್ನ ತಪ್ಪು ಎಂದು ಬರೆದು ಸಹಿ ಹಾಕಿದೆ. ಏಜೆನ್ಸಿಯ ಮಾಲೀಕರು ಓದಿ, "ನಿಮ್ಮ ಕೈಲೆ ನೀವೇ ಬರದು ಕೊಟ್ರಿ" ಎಂದರು, ಬೇಸರದಿಂದ. ಆ ವರ್ಷ ನನಗೆ ಸಂಬಳ ಏರಲಿಲ್ಲ. ಅಜ್ಜನವರ ಆಸ್ಪತ್ರೆಯ ಖರ್ಚನ್ನು ಏಜೆನ್ಸಿ ಭರಿಸಿತು. ಹಂಚುವವರ ಪಗಾರ ಏರಿತು, ನಾನು ಕೇಳಿದಷ್ಟಲ್ಲ. ವಿವರಣೆಯನ್ನು ಕಂಪನಿ ಒಪ್ಪಿದ್ದರಿಂದ ಮಾರುತಿಯನ್ನು ತೆಗೆಯಲಿಲ್ಲ, ಒಂದು ತಿಂಗಳು ಅಮಾನತು ಮಾಡಿದರು. ತಿಂಗಳು ಕಳೆದರೂ ಅವನು ಮರಳಲಿಲ್ಲ. ಭಾಲ್ಕಿಯ ಬೇಳೆ ಮಿಲ್ಲೊಂದರಲ್ಲಿ ತೂಕದ ಕೆಲಸಕ್ಕೆ ಸೇರಿಕೊಂಡ.

ಬಹಳ ದಿನಗಳ ನಂತರ ಬಸ್ ನಿಲ್ದಾಣದಲ್ಲಿ ಸಿಕ್ಕ. ಪಗಾರ ಹೇಗಿದೆ ಎಂದು ಕೇಳಿದೆ.

"ನಿಮ್ಮಲ್ಲಿದ್ದಷ್ಟೇ ಅದ ಸರ್. ಆದ್ರ ಇಲ್ಲಿ ಯಾರ ಮಾರಿ ನೋಡಕೋತ ನಿಲ್ಲೂದಿಲ್ಲ."

ಒಬ್ಬನನ್ನು ಕೆಲಸಕ್ಕೆ ಕರೆಯುವಾಗ ಬೇರೆಯವರ ಔದಾರ್ಯವನ್ನು ನಾವು ಕೊಡುವ ಸಂಬಳದೊಳಗೆ ಎಣಿಸಬಾರದು ಎಂಬುದನ್ನು ನಾನು ಕಲಿತದ್ದು ಹೀಗೆ, ತಡವಾಗಿ. ಪೂರಾ ಪಗಾರ ಪಡೆದವನಿಗೆ ಕೊಟ್ಟ ಇನಾಮು ಮಾತ್ರ ಇನಾಮು. ಉಳಿದದ್ದು, ಅವನನ್ನು ಬೇಡಲು ನಿಲ್ಲಿಸಿ ನಾವು ಉಳಿಸಿಕೊಂಡ ಹಣ.